ಐದಕ್ಕೆ ಮೂರೂ ಮುಕ್ಕಾಲು

ಬಿಯರಿಗೆ ನಕ್ಷತ್ರ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಅದರಲ್ಲೂ ಆಂಬರ್ ಏಲ್ ಎಂಬ ಪಾಪದ ಬಿಯರಿಗೆ ಎರಡು ಗುಟುಕು ಕುಡಿದು, ಫೋನ್ ತೆಗೆದು, ಐದಕ್ಕೆ ಮೂರೂ ಮುಕ್ಕಾಲು ಎಂದು ಒತ್ತಿ, ಮುಂದಿನ ಲೋಟಕ್ಕೆ ಕೈ ಚಾಚುವವರ ಮೇಲೆ. ಇದೇನು ಸಿಟ್ಟು ಮಾಡಿಕೊಳ್ಳುವ ವಿಷಯವೇ ಎಂದು ನೀವು ಕೇಳಬಹುದು. ಬರ, ನಿರುದ್ಯೋಗ, ತಿಂಗಳುಗಟ್ಟಲೆ ಬಾರದ ಫೆಲೋಶಿಪ್ಪು, ಸಿಟ್ಟಿಗೆ ಬೇಕಾದಷ್ಟು ಕಾರಣಗಳಿವೆ. ಆದರೆ ನಾನು ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವುದು ಕನ್ನಡ ವಿಮರ್ಶೆಯಲ್ಲಿ 'ರುಚಿ' ಎಂಬ ಮಾತು ಹೇಗೆಲ್ಲ ಬಳಕೆಯಾಗಿದೆ ಎಂಬುದರ ಮೇಲೆ. ರುಚಿಯನ್ನು ಅಂಕಿಯಾಗಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುವುದು ನನ್ನ ವೃತ್ತಿಯ ಕಾಯಿಲೆ ಎಂದೇ ಇಟ್ಟುಕೊಳ್ಳಿ.

ಆಂಬರ್ ಏಲ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಗೊತ್ತಿಲ್ಲದವರು ಹೆದರಬೇಕಿಲ್ಲ, ಅರ್ಧ ವಿಷಯ ನಿಮ್ಮ ಮನೆಯಲ್ಲೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮಗುವಿಗೆ ಕುಡಿಸುವ ರಾಗಿ ಮಾಲ್ಟ್ ಆಗುತ್ತದೆ. ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯವಾಗಿಸುತ್ತದೆ. ಆಂಬರ್ ಏಲಿನ ಗುಟ್ಟು ಇರುವುದು ಇದರ ಒಂದು ಕವಲಿನಲ್ಲಿ. ಮೊಳಕೆ ಬಂದ ಬಾರ್ಲಿಯಲ್ಲಿ ಒಂದಿಷ್ಟನ್ನು ಒಣಗಿಸದೆ, ಹಸಿಯಾಗಿರುವಾಗಲೇ ಸುಮಾರು 65 ಡಿಗ್ರಿ ಶಾಖದಲ್ಲಿ ಮುಚ್ಚಿಡುತ್ತಾರೆ. ಪಿಷ್ಟವೆಲ್ಲ ಸಿಪ್ಪೆಯ ಒಳಗೇ ಕರಗಿ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಹುರಿದರೆ, ಪ್ರತಿ ಕಾಳಿನೊಳಗೂ ಒಂದು ಪುಟ್ಟ ಬಾಣಲೆಯಲ್ಲಿ ಪಾಕ ತೆಗೆದ ಹಾಗೆ. ಇದಕ್ಕೆ ಕ್ರಿಸ್ಟಲ್ ಮಾಲ್ಟ್ ಎನ್ನುತ್ತಾರೆ. ಈ ಪಾಕದಲ್ಲಿ ಯೀಸ್ಟಿಗೆ ಜೀರ್ಣವಾಗದ ಅಂಶ ಸಾಕಷ್ಟಿರುತ್ತದೆ. ಅದು ಹಾಗೇ ಉಳಿದು ಬಿಯರಿಗೆ ಮೈ ಕೊಡುತ್ತದೆ, ಹಾಲು ಹಾಕದ ಚಹಾದ ಬಣ್ಣ ಕೊಡುತ್ತದೆ, ನಾಲಿಗೆಯ ನಡುವೆ ಸ್ವಲ್ಪ ಹೊತ್ತು ನಿಲ್ಲುವ ಒಂದು ಸಿಹಿ ಕೊಡುತ್ತದೆ. ಆ ಸಿಹಿಯನ್ನು ಹಿಡಿದು ನಿಲ್ಲಿಸಲು ಹಾಪ್ಸ್ ಹೂವಿನ ಕಹಿ ಬೇಕು. ಕಹಿ ಹೆಚ್ಚಾದರೆ ಬೇರೆ ಜಾತಿಯ ಬಿಯರಾಗುತ್ತದೆ, ಸಿಹಿ ಹೆಚ್ಚಾದರೆ ಎರಡನೇ ಲೋಟ ಇಳಿಯುವುದಿಲ್ಲ. ಇಡೀ ಕಸುಬು ಹದದ್ದು. ಬೆಲ್ಲದ ಪಾಕ ಎಳೆ ಬಂತೇ ಉಂಡೆ ಬಂತೇ ಎಂದು ನೀರಿಗೆ ಬಿಟ್ಟು ನೋಡುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಅಳೆಯುವವರ ಕಡೆ ಬರೋಣ. ಅಳತೆಯನ್ನೆಲ್ಲ ನಾನು ಬೈಯುತ್ತಿಲ್ಲ. ಅಮೆರಿಕದಲ್ಲಿ 1985ರಿಂದ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಎಂಬ ಸಂಸ್ಥೆಯೊಂದಿದೆ. ಅವರ ಹಾಳೆ 50 ಅಂಕದ್ದು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಬಗೆಗೆ 5, ಒಟ್ಟಾರೆ ಅನಿಸಿಕೆಗೆ 10. ಅಮೆರಿಕನ್ ಆಂಬರ್ ಏಲ್ ಹೇಗಿರಬೇಕೆಂದು ಬರೆದೂ ಇಟ್ಟಿದ್ದಾರೆ. ಮದ್ಯಾಂಶ ಶೇಕಡಾ 4.5ರಿಂದ 6.2, ಕಹಿಯ ಮಾನ 25ರಿಂದ 40. ನನಗೆ ಆ ಹಾಳೆಯಲ್ಲಿ ಇಷ್ಟವಾಗುವುದು ಅಂಕವಲ್ಲ, ಪ್ರತಿ ಅಂಕದ ಪಕ್ಕದಲ್ಲಿರುವ ಖಾಲಿ ಗೆರೆಗಳು. ತೀರ್ಪುಗಾರರು ಅಲ್ಲಿ ಮಾತಿನಲ್ಲಿ ಬರೆಯಲೇಬೇಕು. ಬೆಣ್ಣೆಯ ವಾಸನೆ ಬರುತ್ತಿದೆಯೇ, ಹಾಗಾದರೆ ಹುದುಗು ಪೂರ್ತಿಯಾಗುವ ಮುಂಚೆ ಇಳಿಸಿರಬೇಕು. ಒದ್ದೆ ರಟ್ಟಿನ ವಾಸನೆಯೇ, ಗಾಳಿ ಹೊಕ್ಕಿ ಹಳತಾಗಿದೆ. ಬೇಯಿಸಿದ ಮೆಕ್ಕೆಜೋಳದ ವಾಸನೆಯೇ, ಕುದಿ ಸಾಲದು. ಬಿಯರ್ ಮಾಡಿದ ಮನುಷ್ಯನಿಗೆ ಆ ಹಾಳೆ ವಾಪಸ್ಸು ಹೋಗುತ್ತದೆ. ಅವನು ಮುಂದಿನ ಸಲ ಇನ್ನೂ ಎರಡು ದಿನ ಕಾಯುತ್ತಾನೆ. ಇದು ವಿಮರ್ಶೆ. ಒಳ್ಳೆಯ ಗೈಡ್ ಒಬ್ಬರು ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದೂ ಇಂಥದ್ದನ್ನೇ.

ಫೋನಿನ ನಕ್ಷತ್ರಕ್ಕೆ ಈ ಗೆರೆಗಳು ಬೇಕಿಲ್ಲ. 2010ರಲ್ಲಿ ಶುರುವಾದ ಅನ್‌ಟ್ಯಾಪ್ಡ್ ಎಂಬ ಆ್ಯಪ್ ಕುಡಿಯುವವರ ಲೋಕದಲ್ಲಿ ಈಗ ಹೆಚ್ಚುಕಡಿಮೆ ಧರ್ಮಕಾಂಟೆ. ಕಾಲು ಕಾಲು ನಕ್ಷತ್ರದ ಹೆಜ್ಜೆಯಲ್ಲಿ ಐದರವರೆಗೆ ಏರಬಹುದು. ಏನಾದರೂ ಬರೆಯಲು ಜಾಗವಿದೆ ನಿಜ, ಬಹಳಷ್ಟು ಜನ ಏನೂ ಬರೆಯುವುದಿಲ್ಲ, ಬರೆದರೆ 'ನೈಸ್' ಎಂದು ಬರೆಯುತ್ತಾರೆ. ಹೀಗೆ ಬಿದ್ದ ನಕ್ಷತ್ರಗಳ ಸರಾಸರಿ ಹಿಡಿದು ಯಾವುದು ದೊಡ್ಡ ಬಿಯರ್ ಎಂಬ ಪಟ್ಟಿ ತಯಾರಾಗುತ್ತದೆ. ಇಂಥ ಪಟ್ಟಿಗಳ ನೆತ್ತಿಯನ್ನು ನೋಡಿ. ಅಲ್ಲಿರುವುದು ಶೇಕಡಾ ಹತ್ತಕ್ಕೂ ಮೇಲೆ ಮದ್ಯಾಂಶವಿರುವ ಕಪ್ಪು ಸ್ಟೌಟ್‌ಗಳು, ವಿಸ್ಕಿಯ ಪೀಪಾಯಿಯಲ್ಲಿ ಮಲಗಿಸಿದವು, ಹಣ್ಣಿನ ರಸದಂತೆ ಮಬ್ಬಾದ ಐಪಿಎಗಳು. ಆಂಬರ್ ಏಲ್ ಎಲ್ಲೋ ತಳದಲ್ಲಿ, ಮೂರೂವರೆಯ ಆಸುಪಾಸಿನಲ್ಲಿ ಕೂತಿರುತ್ತದೆ.

ಇದಕ್ಕೆ ಕಾರಣ ಆಂಬರ್ ಏಲ್ ಕೆಟ್ಟದ್ದೆಂದಲ್ಲ. ಎರಡು ಗುಟುಕಿನ ಪರೀಕ್ಷೆಯಲ್ಲಿ ಕಿರುಚುವವರೇ ಗೆಲ್ಲುತ್ತಾರೆ. ಸಣ್ಣ ಸಣ್ಣ ಲೋಟಗಳಲ್ಲಿ ಆರು ಬಗೆ ಸಾಲಾಗಿ ಇಟ್ಟಾಗ ನಾಲಿಗೆಗೆ ನೆನಪಿರುವುದು ಹೆಚ್ಚು ಕಹಿ, ಹೆಚ್ಚು ಸಿಹಿ, ಹೆಚ್ಚು ಅಮಲು. ಆಂಬರ್ ಇರುವುದು ಒಂದು ಪೂರ್ತಿ ಲೋಟವನ್ನು ಮುಕ್ಕಾಲು ಗಂಟೆ ಮಾತಾಡುತ್ತ ಕುಡಿಯಲಿಕ್ಕೆ. ತಣ್ಣಗಿದ್ದಾಗ ಒಂದು ರುಚಿ, ಅರ್ಧ ಲೋಟದ ಹೊತ್ತಿಗೆ ಚಳಿ ಬಿಟ್ಟಾಗ ಇನ್ನೊಂದು ರುಚಿ. ಭಾವಗೀತೆಯನ್ನೂ ಮಹಾಕಾವ್ಯವನ್ನೂ ಒಂದೇ ಗೋಷ್ಠಿಯಲ್ಲಿ ತಲಾ ಎರಡು ನಿಮಿಷ ಓದಿಸಿ ಚಪ್ಪಾಳೆಯ ಸದ್ದಿನಿಂದ ಬಹುಮಾನ ಕೊಟ್ಟರೆ ಹೇಗೋ ಹಾಗೆ. (ಅಂಥ ಗೋಷ್ಠಿಗಳಿಗೆ ನಾನು ಹೋಗಿದ್ದೇನೆ. ನೀವೂ ಹೋಗಿರುತ್ತೀರಿ.)

ಅಳೆಯುವ ಕೋಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಇನ್ನೂ ಕೊಳಕಾದದ್ದು. ರೇಟ್‌ಬಿಯರ್ ಎಂಬ ತಾಣ 2000ದಲ್ಲಿ ಹುಟ್ಟಿತು. ಬಿಯರ್ ಪ್ರೇಮಿಗಳು ಸಂಬಳವಿಲ್ಲದೆ, ಹಟ ಹಿಡಿದು, ಲಕ್ಷಗಟ್ಟಲೆ ಟಿಪ್ಪಣಿ ಬರೆದು ಕಟ್ಟಿದ ಜಾಗ ಅದು. ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್‌ನ ಹೂಡಿಕೆ ವಿಭಾಗ ಅದರಲ್ಲಿ ಸದ್ದಿಲ್ಲದೆ ಪಾಲು ಕೊಂಡಿದ್ದು 2017ರಲ್ಲಿ ಬಯಲಾಯಿತು. ಡಾಗ್‌ಫಿಶ್ ಹೆಡ್ ಎಂಬ ಕ್ರಾಫ್ಟ್ ಬ್ರೂವರಿಯವರು ತಮ್ಮ ಬಿಯರುಗಳ ವಿಮರ್ಶೆಯನ್ನು ಅಲ್ಲಿಂದ ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿದರು. 2019ರಲ್ಲಿ ತಾಣ ಪೂರ್ತಿ ಆ ಕಂಪನಿಯದ್ದಾಯಿತು. 2025ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಇಪ್ಪತ್ತೈದು ವರ್ಷ ಜನ ಬರೆದ ರುಚಿಯ ನೆನಪು ಒಬ್ಬ ಮಾರಾಟಗಾರನ ಸ್ವತ್ತಾಗಿ, ಅವನಿಗೆ ಬೇಡವಾದಾಗ ಮುಚ್ಚಿಹೋಯಿತು. ತಕ್ಕಡಿಯನ್ನು ಅಂಗಡಿಯವನೇ ಕೊಂಡುಕೊಂಡ ಕಥೆ ಇದು. ಪುಸ್ತಕಪ್ರೇಮಿಗಳು ನಗಬೇಡಿ, ನೀವು ಕಾದಂಬರಿಗಳಿಗೆ ನಕ್ಷತ್ರ ಹಚ್ಚುವ ಗುಡ್‌ರೀಡ್ಸ್ 2013ರಿಂದ ಅಮೆಜಾನಿನದ್ದು.

ಆಂಬರ್ ಏಲಿನ ಕಥೆಯಲ್ಲಿ ಒಬ್ಬ ಕನ್ನಡಿಗರೂ ಬರುತ್ತಾರೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಮೆಂಡೊಸಿನೊ ಬ್ರೂವಿಂಗ್ ಶುರುವಾಯಿತು. ಪಾನನಿಷೇಧದ ಕಾಲದ ನಂತರ ಆ ರಾಜ್ಯದಲ್ಲಿ ತೆರೆದ ಮೊದಲ ಬ್ರೂಪಬ್ ಅದು. ಕ್ರಾಫ್ಟ್ ಚಳವಳಿಯ ತಾಯಿಬೇರು ಎನ್ನಬಹುದಾದ ನ್ಯೂ ಆಲ್ಬಿಯನ್ ಬ್ರೂವರಿ ಮುಚ್ಚಿದಾಗ ಅದರ ಪಾತ್ರೆಪಗಡವನ್ನೂ ಯೀಸ್ಟನ್ನೂ ಇವರು ತಂದುಕೊಂಡಿದ್ದರು. ಅವರ ಹೆಸರಾಂತ ಬಿಯರ್ 'ರೆಡ್ ಟೇಲ್ ಏಲ್', ಒಂದು ಆಂಬರ್. 1997ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಇದರ ಒಡೆತನ ಹಿಡಿಯಿತು. ಬೆಂಗಳೂರಿನ ದುಡ್ಡು ಕ್ಯಾಲಿಫೋರ್ನಿಯಾದ ಆಂಬರಿನ ಹಿಂದೆ ಇಪ್ಪತ್ತು ವರ್ಷ ನಿಂತಿತ್ತು. ಆ ದುಡ್ಡಿನ ಕಥೆ ಏನಾಯಿತೆಂದು ಎಲ್ಲರಿಗೂ ಗೊತ್ತು, ನಾನು ಹೇಳುವುದಿಲ್ಲ. ಮೆಂಡೊಸಿನೊ 2018ರ ಜನವರಿಯಲ್ಲಿ ಮುಚ್ಚಿತು. ಇನ್ನೊಂದು ಹೆಸರು ಫ್ಯಾಟ್ ಟೈರ್, ಕೊಲರಾಡೊದ ನ್ಯೂ ಬೆಲ್ಜಿಯಂ ಬ್ರೂವರಿ 1991ರಿಂದ ಮಾಡಿದ ಆಂಬರ್ ಏಲ್. ಒಂದು ಕಾಲಕ್ಕೆ ಆ ಕಂಪನಿ ಪೂರ್ತಿ ಅಲ್ಲಿನ ನೌಕರರ ಒಡೆತನದಲ್ಲಿತ್ತು. 2019ರಲ್ಲಿ ಜಪಾನಿನ ಕಿರಿನ್ ಕೊಂಡಿತು. 2023ರ ಜನವರಿಯಲ್ಲಿ ಪಾಕವನ್ನೇ ಬದಲಿಸಿ, ಬಣ್ಣ ತಿಳಿ ಮಾಡಿ, 'ಆಂಬರ್' ಎಂಬ ಪದವನ್ನೇ ಡಬ್ಬಿಯಿಂದ ಅಳಿಸಿದರು. ಮಾರಾಟ ಇಳಿಯುತ್ತಿತ್ತು, ಹೊಸ ಕಾಲದ ಕುಡಿಯುವವರಿಗೆ ಹಗುರವಾದದ್ದು ಬೇಕಿತ್ತು ಎನ್ನುವುದು ಅವರ ಕಡೆಯ ಮಾತು. ನಕ್ಷತ್ರಗಳೇ ಅದನ್ನು ಕೊಂದವು ಎಂದು ನಾನು ಹೇಳಲಾರೆ. ಆದರೆ ನಡುವಿನ ರುಚಿಗೆ ಮಾತಾಡುವ ವಕೀಲರಿಲ್ಲದಾಗ ಅದು ಸದ್ದಿಲ್ಲದೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಂಖ್ಯೆಯಾದರೂ ವಸ್ತುನಿಷ್ಠ ಎಂದು ನಂಬುವವರಿಗೆ ವೈನ್ ಲೋಕದ ಎರಡು ಪ್ರಯೋಗಗಳನ್ನು ನೆನಪಿಸುತ್ತೇನೆ. ಫ್ರಾನ್ಸಿನ ಬೋರ್ಡೋದಲ್ಲಿ 54 ಮಂದಿ ವೈನ್ ಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಜ್ಸನ್ ಎಂಬವರು ರಾಜ್ಯಮೇಳದ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಕೊಟ್ಟು ನೋಡಿದರು. ಹೆಚ್ಚಿನವರ ಅಂಕ ನಾಲ್ಕು ಮೇಲೆ ನಾಲ್ಕು ಕೆಳಗೆ ಓಲಾಡಿತು. ಇವರು ನುರಿತವರು. ಇನ್ನು ಶನಿವಾರ ರಾತ್ರಿ ಹತ್ತು ಗಂಟೆಗೆ, ನಾಲ್ಕನೇ ಲೋಟದ ಮೇಲೆ, ಪಕ್ಕದ ಟೇಬಲ್ಲಿನ ಹುಟ್ಟುಹಬ್ಬದ ಗದ್ದಲದಲ್ಲಿ ಒತ್ತಿದ ಮೂರೂ ಮುಕ್ಕಾಲಿನ ಆ ಮುಕ್ಕಾಲನ್ನು ನಾನು ನಂಬಬೇಕೇ?

ನಂಬಲೇಬೇಕಾದವರು ಕೆಲವರಿದ್ದಾರೆ, ಅದೇ ದುಃಖ. ಬೆಂಗಳೂರಿನ ಒಂದು ಬ್ರೂಪಬ್ಬಿನಲ್ಲಿ (ಒಂದು ಲೋಟದ ಬೆಲೆಗೆ ನಮ್ಮ ಹಾಸ್ಟೆಲಿನಲ್ಲಿ ನಾಲ್ಕು ದಿನ ಊಟ ಬರುತ್ತದೆ, ಹಾಗಾಗಿ ನಾನು ಹೋಗುವುದು ಯಾರಾದರೂ ಕೆಲಸ ಸಿಕ್ಕ ಗೆಳೆಯರು ಕರೆದಾಗ) ಆಂಬರ್ ಏಲ್ ತರಿಸಿದೆವು. ತಂದ ಹುಡುಗ ಲೋಟವನ್ನು ಕೇಳದೆಯೇ ಗೆಳೆಯನ ಮುಂದಿಟ್ಟ, ಗೆಳೆಯನ ನಿಂಬೆ ಸೋಡಾವನ್ನು ನನ್ನ ಮುಂದಿಟ್ಟ. ಅದು ಹೊಸದಲ್ಲ, ಅದಲುಬದಲು ಮಾಡಿಕೊಂಡೆವು. ಬಿಲ್ಲಿನ ಜೊತೆ ಒಂದು ಕ್ಯೂಆರ್ ಚೀಟಿ ಬಂತು. ನಾನು ಯಾವುದಕ್ಕೂ ನಕ್ಷತ್ರ ಕೊಡುವವಳಲ್ಲ ಎಂದೆ. ಹುಡುಗ ಬಗ್ಗಿ, ಸಣ್ಣ ದನಿಯಲ್ಲಿ, "ಮೇಡಂ, ಐದು ಹಾಕ್ಬಿಡಿ. ನಾಲ್ಕು ಬಂದ್ರೂ ಮೀಟಿಂಗಲ್ಲಿ ನಮ್ಮನ್ನೇ ನಿಲ್ಸಿ ಕೇಳ್ತಾರೆ" ಅಂದ. ಮಂಡ್ಯದ ಕಡೆಯ ಮಾತು. ಬಿಯರಿನ ರುಚಿಗೂ ಅವನಿಗೂ ಏನು ಸಂಬಂಧ? ಕುದಿಸಿದ್ದು ಅವನಲ್ಲ, ಹಾಪ್ಸ್ ಹಾಕಿದ್ದು ಅವನಲ್ಲ. ಐದು ಎಂದರೆ ಮಾಮೂಲು, ನಾಲ್ಕು ಎಂದರೆ ತಪ್ಪು ಎಂಬ ಲೆಕ್ಕದಲ್ಲಿ ರುಚಿ ಎಲ್ಲಿಂದ ಬರಬೇಕು? ನಾನು ಐದು ಒತ್ತಿದೆ. ಅದು ಬಿಯರಿಗಲ್ಲ. ಇಂಥ ಎಷ್ಟು ಐದುಗಳು ಸೇರಿ ಎಷ್ಟು ಸರಾಸರಿಗಳಾಗಿವೆಯೋ.

ಅದೇ ಬಿಯರನ್ನು ಮಾತಿನಲ್ಲಿ ಹೇಳಿ ಎಂದರೆ ಏನು ಹೇಳುತ್ತೇವೆ? ಆ ಪಬ್ಬಿನ ಮೆನುವಿನಲ್ಲಿ ಬರೆದಿತ್ತು: ಕ್ಯಾರಮೆಲ್, ಟೋಸ್ಟ್, ಟಾಫಿ, ಗ್ರೇಪ್‌ಫ್ರೂಟ್, ಪೈನ್. ಬೆಂಗಳೂರಿನಲ್ಲಿ ಕೂತು, ಪೈನ್ ಮರವನ್ನು ಮುಟ್ಟಿಯೂ ನೋಡದವರು ಪೈನ್ ವಾಸನೆ ಬಂತೆಂದು ತಲೆಯಾಡಿಸುತ್ತೇವೆ. ಗ್ರೇಪ್‌ಫ್ರೂಟ್ ಎಂದರೆ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು. ಚಕ್ಕೋತ ದೇವನಹಳ್ಳಿಯಲ್ಲಿ ಬೆಳೆಯುತ್ತದೆ, ಅದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ವಿಮಾನ ಹತ್ತಲು ಅದರ ಪಕ್ಕದಲ್ಲೇ ಹಾದುಹೋಗುವವರಿಗೆ ಅದರ ಹೆಸರು ನಾಲಿಗೆಗೆ ಬರುವುದಿಲ್ಲ. ಇದು ಭಾಷಾಭಿಮಾನದ ಮಾತು ಎಂದುಕೊಳ್ಳಬೇಡಿ. ಕಂಡಿರದ ಹಣ್ಣಿನ ಹೆಸರು ಹೇಳುವವರು ತಾವು ಸವಿದದ್ದನ್ನು ಹೇಳುತ್ತಿಲ್ಲ, ಓದಿದ್ದನ್ನು ಒಪ್ಪಿಸುತ್ತಿದ್ದಾರೆ. ಆ ಬೋರ್ಡೋದ ವಿದ್ಯಾರ್ಥಿಗಳು ಬಣ್ಣ ನೋಡಿ ಪದ ಹುಡುಕಿದಂತೆ ನಾವು ಮೆನು ನೋಡಿ ರುಚಿ ಹುಡುಕುತ್ತೇವೆ.

ನಾನು ಆ ಲೋಟದ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟು. ಬಣ್ಣ ಜೋನಿಬೆಲ್ಲವನ್ನು ನೀರಿಗೆ ಕದಡಿ ಬೆಳಕಿಗೆ ಹಿಡಿದ ಹಾಗೆ. ನೊರೆ ಎರಡು ಬೆರಳು ಎದ್ದು ಬೇಗ ಇಳಿಯಿತು. ಮೂಗಿಗೆ ಮೊದಲು ಹುರಿಹಿಟ್ಟಿನ ಘಮ, ಹಿಂದೆಯೇ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಬರುವ ಘಾಟು. ಬಾಯಲ್ಲಿ ಪಾಕ, ಎಳೆಪಾಕವಲ್ಲ, ಒಂದು ಕ್ಷಣ ಹೆಚ್ಚು ಬಿಟ್ಟು ಅಂಚು ಸೀಯುವುದಕ್ಕೆ ಹೊರಟಿದ್ದು. ಆಮೇಲೆ ಕಹಿ, ಮೆಂತ್ಯದ ಕಹಿಯ ಹಾಗೆ ತಡವಾಗಿ ಬಂದು ತಡವಾಗಿ ಹೋಗುವುದು. ಕೊನೆಗೆ ನಾಲಿಗೆಯ ಅಂಚಿನಲ್ಲಿ ಅಡಿಕೆಯ ಒಗರು. ಅರ್ಧ ಲೋಟ ಆದ ಮೇಲೆ, ಚಳಿ ಬಿಟ್ಟಾಗ, ಒಂದು ಸಣ್ಣ ಬೆಣ್ಣೆಯ ಜಿಡ್ಡು. ಇಳಿಸಲು ಅವಸರ ಮಾಡಿದ್ದಾರೆ. ಆದರೂ ಇನ್ನೊಂದು ಕುಡಿಯಬಹುದಿತ್ತು, ದುಡ್ಡಿದ್ದರೆ. ಇದಕ್ಕೆ ಎಷ್ಟು ನಕ್ಷತ್ರ? ಬೆಣ್ಣೆಯ ಜಿಡ್ಡಿಗೆ ಅರ್ಧ ಕಳೆದು, ಮೆಂತ್ಯದ ಕಹಿಗೆ ಕಾಲು ಕೂಡಿಸಬೇಕೇ?

ಒಗರು, ಕಮಟು, ಮುಗ್ಗಲು, ಹಳಸಲು, ಸೀದದ್ದು, ಎಳಸು, ಘಾಟು, ಘಮ. ಕನ್ನಡಕ್ಕೆ ಪದಗಳ ಬಡತನವಿಲ್ಲ. ಬಿಯರಿನ ಮುಂದೆ ಅವನ್ನು ಇಡುವ ಧೈರ್ಯದ ಬಡತನವಿದೆ. ಕಾಫಿಯ ಬಗ್ಗೆ, ಮಾವಿನ ಬಗ್ಗೆ, ಹಪ್ಪಳದ ಬಗ್ಗೆ ಚಂದದ ಲಲಿತ ಪ್ರಬಂಧಗಳಿರುವ ಭಾಷೆ ಇದು. ಮದ್ಯ ಬಂದ ಕೂಡಲೇ ಎರಡೇ ದನಿ, ಒಂದು ಉಪದೇಶದ್ದು, ಇನ್ನೊಂದು ತೂರಾಟದ್ದು. ಜಿ.ಪಿ. ರಾಜರತ್ನಂ ಅವರ ಹೆಂಡಕುಡುಕ ರತ್ನನನ್ನು ಇಡೀ ನಾಡು ಹಾಡಿತು. ಅವನ ಪ್ರೀತಿ, ಅವನ ಕನ್ನಡ, ಅವನ ದುಃಖ ಎಲ್ಲವೂ ನಮಗೆ ಬೇಕಾಯಿತು. ಹೆಂಡದ ರುಚಿ ಹೇಗಿತ್ತು ಎಂದು ಅವನನ್ನು ನಾವು ಕೇಳಲಿಲ್ಲ.

ಕೇಳದಿರಲು ಕಾರಣವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಮದ್ಯದಿಂದ ಮನೆ ಮುರಿದದ್ದನ್ನು ಕಂಡ ಹೆಂಗಸರ ಮುಂದೆ ಹುರಿಹಿಟ್ಟಿನ ಘಮದ ಮಾತಾಡಲು ನನಗೂ ನಾಲಿಗೆ ತಡವರಿಸುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದಕ್ಕೂ ಮೊದಲೇ ಕರಾವಳಿ ಬಿಟ್ಟು ಉಳಿದ ಕಡೆ ಶೇಂದಿಗೂ ನಿಷೇಧ ಬಂದಿತ್ತು. ಆ ನಿಷೇಧದ ಹಿಂದೆ ನಿಜವಾದ ಕಣ್ಣೀರಿತ್ತು. ಆದರೆ ಕ್ಯಾಲೆಂಡರ್ ನೋಡಿ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆಯಿತು, ಬೆನ್ನಿಗೇ ಸಾಲುಸಾಲಾಗಿ ಬ್ರೂಪಬ್ಬುಗಳು ಬಂದವು. ಮೂರು ವರ್ಷದ ಅಂತರದಲ್ಲಿ ಒಬ್ಬರ ಕುಡಿತ ಅಪರಾಧವಾಯಿತು, ಇನ್ನೊಬ್ಬರ ಕುಡಿತ 'ಅನುಭವ'ವಾಯಿತು. ಮರದಿಂದ ಇಳಿಸಿದ ಶೇಂದಿ ಬೆಳಗ್ಗೆ ಹೇಗಿರುತ್ತದೆ, ಮಧ್ಯಾಹ್ನದ ಹುಳಿಗೆ ಹೇಗೆ ತಿರುಗುತ್ತದೆ, ಯಾವ ಮರದ್ದು ಸಿಹಿ, ಯಾವುದು ಒಗರು ಎಂದು ಮೂಗಿನಿಂದಲೇ ಹೇಳಬಲ್ಲವರು ನಮ್ಮಲ್ಲಿ ತಲೆಮಾರುಗಳಿಂದ ಇದ್ದರು. ಅವರ ಜ್ಞಾನಕ್ಕೆ ಯಾರೂ ಐದಕ್ಕೆ ಇಷ್ಟು ಎಂದು ಕೊಡಲಿಲ್ಲ, ಅವರನ್ನು 'ರುಚಿತಜ್ಞ' ಎನ್ನಲಿಲ್ಲ. ಈಗ ಅದೇ ಊರಿನ ಮಕ್ಕಳು ಸಮವಸ್ತ್ರ ತೊಟ್ಟು ನಮ್ಮ ಲೋಟ ತುಂಬುತ್ತಿದ್ದಾರೆ, ನಮ್ಮ ನಕ್ಷತ್ರಕ್ಕೆ ಹೆದರುತ್ತಿದ್ದಾರೆ.

ನನ್ನ ಸಹಸಂಶೋಧಕ ಒಬ್ಬನಿದ್ದಾನೆ, ಅರ್ಥಶಾಸ್ತ್ರದವನು. ಇದನ್ನೆಲ್ಲ ಕೇಳಿ ಅವನು ಹೇಳುವುದು: "ಸಂಖ್ಯೆ ಪ್ರಜಾಪ್ರಭುತ್ವ ಕಣೇ. ನಿನ್ನ ಹಾಗೆ ಹುರಿಹಿಟ್ಟು, ಚಕ್ಕೋತ ಅಂತ ಬರೆಯೋಕೆ ಎಲ್ಲರಿಗೂ ಬರಲ್ಲ. ನಕ್ಷತ್ರ ಒತ್ತೋಕೆ ಎಲ್ಲರಿಗೂ ಬರುತ್ತೆ." ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ವರ್ಣನೆಯ ಸೊಗಸಿನಿಂದ ಹೆದರಿಸುವ ಪಂಡಿತರನ್ನು ಸಾಹಿತ್ಯ ವಿಭಾಗದಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಆದರೆ ಅವನ ಪ್ರಜಾಪ್ರಭುತ್ವದಲ್ಲಿ ಮತ ಹಾಕುವ ಹಕ್ಕಷ್ಟೇ ಇದೆ, ಮಾತಾಡುವ ಹಕ್ಕಿಲ್ಲ. ನನ್ನ ಮೂರೂ ಮುಕ್ಕಾಲಿಗೂ ನಿನ್ನ ಮೂರೂ ಮುಕ್ಕಾಲಿಗೂ ಜಗಳವೇ ಸಾಧ್ಯವಿಲ್ಲ, ಅವು ಕೂಡಿಕೊಂಡು ಮೂರೂ ಮುಕ್ಕಾಲೇ ಆಗುತ್ತವೆ. ನಾನು 'ಮೆಂತ್ಯದ ಕಹಿ' ಎಂದರೆ ನೀನು 'ಅಲ್ಲ, ಹಾಗಲದ್ದು' ಎನ್ನಬಹುದು. ಆಗ ಇಬ್ಬರೂ ಇನ್ನೊಂದು ಗುಟುಕು ಕುಡಿದು ನೋಡಬೇಕಾಗುತ್ತದೆ. ಭರತ ತನ್ನ ನಾಟ್ಯಶಾಸ್ತ್ರದಲ್ಲಿ ರಸವನ್ನು ವಿವರಿಸಲು ಊಟದ ಎಲೆಯ ಮುಂದೆ ಕೂತವರನ್ನು ತಂದದ್ದು ಸುಮ್ಮನೆ ಅಲ್ಲ. ಹಲವು ವ್ಯಂಜನ ಬೆರೆತು ಹುಟ್ಟುವ ಸವಿಯನ್ನು ಮನಸ್ಸಿಟ್ಟು ಉಣ್ಣುವವರು ಅವರು. ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪರೀಕ್ಷೆಗೆಂದು ಓದಿದ ನಾವೆಲ್ಲ 'ಚರ್ವಣೆ' ಎಂಬ ಪದವನ್ನು ಬಾಯಿಪಾಠ ಮಾಡಿದ್ದೇವೆ. ಚರ್ವಣೆ ಎಂದರೆ ಅಗಿಯುವುದು, ಮತ್ತೆ ಮತ್ತೆ. ಎರಡು ಗುಟುಕಿಗೆ ಅದು ಆಗುವ ಕೆಲಸವಲ್ಲ.

ಅವನಿಗೆ ಒಂದು ಪಂದ್ಯ ಹಾಕಿದೆ. ಮುಂದಿನ ಸಲ ಹೋದಾಗ ಅವನು ಆ ಆಂಬರನ್ನು ಹದಿನೈದು ಪದಗಳಲ್ಲಿ ಹೇಳಬೇಕು. ಕನ್ನಡವೇ ಆಗಬೇಕಿಲ್ಲ, ಅವನ ಮನೆಮಾತು ಕೊಂಕಣಿಯಾದರೂ ಸರಿ, ಮೆನುವಿನಲ್ಲಿರುವ ಒಂದು ಪದವೂ ಬರಕೂಡದು. ಗೆದ್ದರೆ ಲೋಟದ ದುಡ್ಡು ನನ್ನದು. ಕಳೆದ ವಾರ ಅವನೇ ಫೋನ್ ಮಾಡಿದ. ಪಬ್ಬಿನವರು ಆಂಬರನ್ನು ಪಟ್ಟಿಯಿಂದ ತೆಗೆದಿದ್ದಾರಂತೆ. ಆ ನಲ್ಲಿಯಲ್ಲಿ ಈಗ ಮಾವಿನಹಣ್ಣಿನ ಬಿಯರ್ ಬರುತ್ತಿದೆ, ನಾಲ್ಕೂ ಕಾಲು ನಕ್ಷತ್ರ.